ಮಹಜರಿನಲ್ಲಿ ಇಲ್ಲದ ಶಾಲು

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ನಿವೃತ್ತ ಶಿಕ್ಷಕ. ಮೊನ್ನೆ ಮೊಮ್ಮಗ ಮೊಬೈಲಿನಲ್ಲಿ ಒಂದು ಸುದ್ದಿ ತೋರಿಸಿದ. 1888ರಲ್ಲಿ ಲಂಡನ್ನಿನಲ್ಲಿ ಸಾಲಾಗಿ ಹೆಂಗಸರನ್ನು ಕೊಂದ ಜಾಕ್ ದ ರಿಪ್ಪರ್ ಯಾರೆಂಬುದು ಒಂದು ರೇಷ್ಮೆ ಶಾಲಿನ ಮೇಲೆ ಸಿಕ್ಕ ಡಿಎನ್‌ಎಯಿಂದ ಪತ್ತೆಯಾಗಿದೆಯಂತೆ. ಅವನು ಕೊಸ್ಮಿನ್ಸ್ಕಿ ಎಂಬ ಕ್ಷೌರಿಕನಂತೆ. ಇದು ನಿಜವೇ? ಅಷ್ಟು ದೊಡ್ಡ ಪೊಲೀಸ್ ಪಡೆಗೆ ಅವನು ಆಗಲೇ ಏಕೆ ಸಿಗಲಿಲ್ಲ? ನಮ್ಮ ದೇಶದಲ್ಲಿ ಇಂಥ ಬಗೆಹರಿಯದ ಪ್ರಕರಣ ಇದೆಯೇ?

ಉತ್ತರ: ಮೇಷ್ಟರೇ, ಮೊದಲ ಪ್ರಶ್ನೆಗೆ ಒಂದೇ ಮಾತು: ಪತ್ತೆಯಾಗಿಲ್ಲ. ಆ ಶಾಲನ್ನು ಯಾರಾದರೂ ನಮ್ಮ ಶಿವಮೊಗ್ಗದ ಸೆಷನ್ಸ್ ನ್ಯಾಯಾಲಯಕ್ಕೆ ಹೊತ್ತು ತಂದಿದ್ದರೆ ಅದಕ್ಕೆ ಮುದ್ದೆಮಾಲಿನ, ಅಂದರೆ ಸಾಕ್ಷ್ಯವಾಗಿ ಹಾಜರುಪಡಿಸುವ ವಸ್ತುವಿನ, ನಂಬರು ಕೂಡ ಸಿಗುತ್ತಿರಲಿಲ್ಲ. ಸರ್ಕಾರದ ಪರವಾಗಿ ಬಹಳ ವರ್ಷ ಕೊಲೆ ಮೊಕದ್ದಮೆಗಳನ್ನು ನಡೆಸಿದವನು ನಾನು. ಡಿಎನ್‌ಎ ಎಂಬ ಮೂರಕ್ಷರ ಕಿವಿಗೆ ಬಿದ್ದ ಕೂಡಲೇ ಬುದ್ಧಿವಂತರೂ ಕೈಮುಗಿದು ಕುಳಿತುಬಿಡುವುದನ್ನು ನೋಡಿದ್ದೇನೆ. ಡಿಎನ್‌ಎ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಯಾವ ವಕೀಲನೂ ಕೇಳುವ ಪ್ರಶ್ನೆ ಒಂದಿದೆ: ಆ ಬಟ್ಟೆ ಎಲ್ಲಿ ಸಿಕ್ಕಿತು, ಯಾರು ವಶಪಡಿಸಿಕೊಂಡರು, ಮಹಜರಿನಲ್ಲಿ ಅದರ ಹೆಸರಿದೆಯೇ?

ಮಹಜರು ಇದೆ. ಅಲ್ಲಿನವರು ಅದನ್ನು ಹಾಗೆ ಕರೆಯುವುದಿಲ್ಲ, ಆದರೆ ಕೆಲಸ ಅದೇ. ಶಾಲು ಯಾರ ಮೈಮೇಲಿತ್ತೆಂದು ಹೇಳುತ್ತಾರೋ ಆಕೆಯ ಹೆಸರು ಕ್ಯಾಥರೀನ್ ಎಡ್ಡೋಸ್. 1888ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 1 ಗಂಟೆ 44 ನಿಮಿಷಕ್ಕೆ, ಗಸ್ತು ತಿರುಗುತ್ತಿದ್ದ ಕಾನ್‌ಸ್ಟೇಬಲ್ ವಾಟ್ಕಿನ್ಸ್ ಮೈಟರ್ ಸ್ಕ್ವೇರ್ ಎಂಬ ಚೌಕದ ಕತ್ತಲ ಮೂಲೆಯಲ್ಲಿ ಆಕೆಯ ಹೆಣವನ್ನು ಕಂಡ. ಅದೇ ಜಾಗವನ್ನು ಅವನು 1.30ಕ್ಕೆ ಹಾದುಹೋಗಿದ್ದಾಗ ಅಲ್ಲಿ ಏನೂ ಇರಲಿಲ್ಲ. ಶವಾಗಾರದಲ್ಲಿ ಪೊಲೀಸರು ಆಕೆಯ ಮೈಮೇಲಿದ್ದದ್ದನ್ನೂ ಜೇಬಿನಲ್ಲಿದ್ದದ್ದನ್ನೂ ಒಂದೊಂದಾಗಿ ಬರೆದುಕೊಂಡರು. ಆ ಪಟ್ಟಿಯನ್ನು ನಾನು ಅನೇಕ ಸಲ ಓದಿದ್ದೇನೆ. ಕಪ್ಪು ಹುಲ್ಲುಟೋಪಿ, ಕಪ್ಪು ಜಾಕೆಟ್ಟು, ಹೂವಿನ ಚೀಟಿಬಟ್ಟೆಯ ಲಂಗ, ಗಂಡಸರು ಹಾಕುವ ದಾರದ ಬೂಟು. ಕೊರಳಿಗೆ ಸುತ್ತಿದ್ದ ಕೆಂಪು ರೇಷ್ಮೆಯ ಜಾಳುಬಟ್ಟೆಯ ಒಂದು ತುಂಡು. ಹಳೆಯ ಬಿಳಿ ಏಪ್ರನ್. ಚಹಾಪುಡಿಯ ತಗಡಿನ ಡಬ್ಬಿ ಒಂದು, ಸಕ್ಕರೆಯದು ಒಂದು. ಬಿಳಿ ಚಿಂದಿ 12, ಸಾಬೂನಿನ ಚೂರು 6. ಸಣ್ಣ ಹಲ್ಲಿನ ಬಾಚಣಿಗೆ, ಬಿಳಿ ಹಿಡಿಯ ಊಟದ ಚಾಕು, ಚಮಚ, ಒಡೆದ ಕನ್ನಡಕದ ಅರ್ಧ. ಒಂದೇ ಒಂದು ಕೆಂಪು ಕೈಗವಸು. ಸಾಸಿವೆಯ ಡಬ್ಬಿಯೊಳಗೆ ಎರಡು ಗಿರವಿ ಚೀಟಿ.

ಸಾಬೂನಿನ ಚೂರು ಐದೋ ಆರೋ ಎಂದು ಎಣಿಸಿ ಬರೆದವರು ಸುಮಾರು ಎಂಟು ಅಡಿ ಉದ್ದದ ರೇಷ್ಮೆ ಶಾಲನ್ನು ಬರೆಯಲು ಮರೆತರು ಎಂದು ನಾವು ನಂಬಬೇಕು!

ಇನ್ನೂ ಒಂದು ಮಾತಿದೆ. ಕ್ಯಾಥರೀನ್ ಮತ್ತು ಆಕೆಯ ಜೊತೆಗಾರ ಜಾನ್ ಕೆಲ್ಲಿ ಕೆಂಟ್ ಸೀಮೆಯಲ್ಲಿ ಹಾಪ್ಸ್ ಕಾಯಿ ಕೊಯ್ಯುವ ಕೂಲಿ ಮುಗಿಸಿ ಆಗಷ್ಟೇ ಲಂಡನ್ನಿಗೆ ಮರಳಿದ್ದರು. ಬಿಯರಿಗೆ ಕಹಿ ಕೊಡುವ ಆ ಬಳ್ಳಿಯ ಕೊಯ್ಲಿಗೆ ಪ್ರತಿ ವರ್ಷ ಪೂರ್ವ ಲಂಡನ್ನಿನ ಬಡವರು ಗುಂಪುಗುಂಪಾಗಿ ಹೋಗುತ್ತಿದ್ದರು, ನಮ್ಮಲ್ಲಿ ಅಡಿಕೆಯ ಕೊನೆಕೊಯ್ಲಿಗೆ ಬಯಲುಸೀಮೆಯಿಂದ ಆಳುಗಳು ಬರುವ ಹಾಗೆ. ಆ ಸಲ ಕೂಲಿ ಗಿಟ್ಟಲಿಲ್ಲ. ಊರಿಗೆ ಬಂದವರ ಬಳಿ ಕಾಸಿಲ್ಲ. ಕೆಲ್ಲಿಯ ಬೂಟನ್ನು ಎರಡೂವರೆ ಶಿಲಿಂಗಿಗೆ ಗಿರವಿ ಇಟ್ಟು ಚಹಾ, ಸಕ್ಕರೆ, ತಿನ್ನಲು ಒಂದಿಷ್ಟು ತಂದರು. ಆಕೆ ಅಂಗಡಿಯೊಳಗೆ ಹೋದಾಗ ಅವನು ಬರಿಗಾಲಲ್ಲಿ ಬಾಗಿಲಲ್ಲಿ ನಿಂತಿದ್ದ. ಆ ಬೂಟಿನ ಚೀಟಿಯೇ ಸಾಸಿವೆ ಡಬ್ಬಿಯಲ್ಲಿದ್ದುದು; ಪತ್ರಿಕೆಯಲ್ಲಿ ಚೀಟಿಯ ವಿವರ ಓದಿದ ಕೆಲ್ಲಿ ಠಾಣೆಗೆ ಓಡಿಬಂದು ಗುರುತು ಹೇಳಿದ. ಗಂಡಸಿನ ಕಾಲಿನ ಬೂಟು ಬಿಚ್ಚಿಸಿ ಗಿರವಿ ಇಡಬೇಕಾದ ಹೆಂಗಸು ರೇಷ್ಮೆ ಶಾಲು ಹೊದ್ದು ತಿರುಗುತ್ತಾಳೆಯೇ? ಮೊದಲು ಗಿರವಿ ಅಂಗಡಿ ಸೇರುತ್ತಿದ್ದದ್ದು ಆ ಶಾಲೇ.

ಈ ಮಾತು ಎತ್ತಿದರೆ ಶಾಲಿನ ಪರ ವಾದಿಸುವವರು ತಕ್ಷಣ, ಅದು ಆಕೆಯದಲ್ಲ, ಕೊಲೆಗಾರ ಬಿಟ್ಟುಹೋದದ್ದು ಎನ್ನುತ್ತಾರೆ. ಹಾಗಿದ್ದರೆ ಅದು ಇನ್ನೂ ದೊಡ್ಡ ಸಾಕ್ಷ್ಯ. ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ಇರಬೇಕಿತ್ತು. ಅವರ ಕಥೆಯ ಪ್ರಕಾರ ಆ ರಾತ್ರಿ ಒಬ್ಬ ಸಾರ್ಜೆಂಟ್ ಅದನ್ನು ಹೆಂಡತಿಗೆ ಉಡುಗೊರೆಯಾಗಿ ಕೇಳಿ ಮನೆಗೆ ಒಯ್ದನಂತೆ. ಲಂಡನ್ನಿನಲ್ಲಿ ಪೊಲೀಸ್ ಪಡೆ ಎರಡು, ಮೆಟ್ರೊಪಾಲಿಟನ್ ಮತ್ತು ಸಿಟಿ. ಆತ ಮೆಟ್ರೊಪಾಲಿಟನ್ ಪೊಲೀಸಿನವನು. ಕೊಲೆ ನಡೆದದ್ದು ಸಿಟಿ ಪೊಲೀಸರ ಸರಹದ್ದಿನಲ್ಲಿ. ಅವನಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಮನೆತನದ ಬಾಯಿಮಾತಿನ ಹೊರತು ಈ ಕಥೆಗೆ ಬೇರೆ ಆಧಾರವಿಲ್ಲ. ಶಾಲು ಕೈಯಿಂದ ಕೈಗೆ ದಾಟುತ್ತ 2007ರಲ್ಲಿ ಹರಾಜಿಗೆ ಬಂತು, ಒಬ್ಬ ಉದ್ಯಮಿ ಕೊಂಡ, 2014ರಲ್ಲಿ ಪುಸ್ತಕ ಬರೆದ. ನೂರಕ್ಕೂ ಹೆಚ್ಚು ವರ್ಷ ಅದನ್ನು ಮುಟ್ಟಿದವರು, ಮಡಚಿದವರು, ಅದರ ಮುಂದೆ ಕೆಮ್ಮಿದವರು ಎಷ್ಟು ಮಂದಿಯೋ!

ಇನ್ನು ಡಿಎನ್‌ಎ. ಶಾಲಿನಲ್ಲಿ ಪರೀಕ್ಷಿಸಿ, ವಂಶಸ್ಥರದಕ್ಕೆ ಹೊಂದಿಕೆಯಾಯಿತು ಎಂದು ಹೇಳಿದ್ದು ಮೈಟೊಕಾಂಡ್ರಿಯದ ಡಿಎನ್‌ಎಯನ್ನು. ಅದು ತಾಯಿಯಿಂದ ಮಕ್ಕಳಿಗೆ ಬಹುತೇಕ ಬದಲಾಗದೆ ಇಳಿದು ಬರುತ್ತದೆ. ಹಾಗಾಗಿ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಸಾವಿರಾರು ಜನರಲ್ಲಿ ಅದು ಒಂದೇ ಆಗಿರಬಹುದು. ‘ಇವನಲ್ಲ’ ಎಂದು ಬಿಟ್ಟುಬಿಡಲು ಅದು ಒಳ್ಳೆಯ ಸಾಧನ. ‘ಇವನೇ’ ಎಂದು ಬೆರಳು ತೋರಿಸಲು ಸಾಲದು. ಕಳ್ಳನ ಮನೆಗೆ ಹಂಚಿನ ಮಾಡು ಇತ್ತು ಎಂಬ ಸುಳಿವು ಹಿಡಿದುಕೊಂಡು ಐವತ್ತು ವರ್ಷದ ಹಿಂದಿನ ತೀರ್ಥಹಳ್ಳಿಯಲ್ಲಿ ಕಳ್ಳನನ್ನು ಹುಡುಕಲು ಹೊರಟ ಹಾಗೆ.

2014ರ ಪುಸ್ತಕದಲ್ಲಿ ಒಂದು ಅಪರೂಪದ ಗುರುತು ಸಿಕ್ಕಿತು, ಅದು 2,90,000 ಜನರಲ್ಲಿ ಒಬ್ಬರಿಗಷ್ಟೇ ಇರುತ್ತದೆ ಎಂದು ಬರೆದಿದ್ದರು. ಆ ಗುರುತಿಗೆ ಕೊಟ್ಟ ಹೆಸರು 314.1ಸಿ. ತಿಳಿದವರು ತಕ್ಷಣ ತಪ್ಪು ಹಿಡಿದರು: ಅದು 315.1ಸಿ ಆಗಬೇಕಿತ್ತು, ಮತ್ತು ಅದು ಯೂರೋಪ್ ಮೂಲದವರಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಮಂದಿಗೆ ಇರುತ್ತದೆ. ಒಂದಂಕಿ ಆಚೀಚೆಯಾಗಿ ಅಪರೂಪದ್ದು ಸರ್ವೇಸಾಮಾನ್ಯವಾಯಿತು. ಡಿಎನ್‌ಎ ಬೆರಳಚ್ಚಿನ ವಿಧಾನವನ್ನು ಕಂಡುಹಿಡಿದ ಅಲೆಕ್ ಜೆಫ್ರೀಸ್ ಕೂಡ ಇದನ್ನು ಟೀಕಿಸಿದವರಲ್ಲಿ ಒಬ್ಬರು. 2019ರಲ್ಲಿ ನ್ಯಾಯವಿಜ್ಞಾನದ ಒಂದು ಪತ್ರಿಕೆಯಲ್ಲಿ ಸಂಶೋಧನಾ ಲೇಖನವಾಗಿಯೂ ಅದು ಬಂತು. ಆದರೆ ಡಿಎನ್‌ಎಯ ಅಕ್ಷರಸಾಲು ಇರಬೇಕಾದ ಕಡೆ ಬಣ್ಣದ ಚೌಕಗಳನ್ನು ಮುದ್ರಿಸಿದ್ದರು. ಬದುಕಿರುವ ವಂಶಸ್ಥರ ಖಾಸಗಿತನ ಕಾಪಾಡಲು ಹೀಗೆ ಮಾಡಿದೆವು ಎಂದರು. ಚೌಕವನ್ನು ಪಾಟೀಸವಾಲು ಮಾಡುವುದು ಹೇಗೆ? ಕೊನೆಗೆ 2024ರಲ್ಲಿ ಆ ಪತ್ರಿಕೆಯೇ ಲೇಖನದ ಬಗ್ಗೆ ಕಳವಳ ವ್ಯಕ್ತಪಡಿಸುವ ಟಿಪ್ಪಣಿ ಹಾಕಿತು. ನಿಮ್ಮ ಮೊಮ್ಮಗನ ಮೊಬೈಲಿಗೆ ಸುದ್ದಿ ಬಂತು, ಟಿಪ್ಪಣಿ ಬರಲಿಲ್ಲ.

ಹಾಗಾದರೆ ಕೊಸ್ಮಿನ್ಸ್ಕಿಯ ಹೆಸರು ಎಲ್ಲಿಂದ ಬಂತು? ಅದು ಮಾತ್ರ ಕಟ್ಟುಕಥೆಯಲ್ಲ. 1894ರಲ್ಲಿ ಸ್ಕಾಟ್ಲೆಂಡ್ ಯಾರ್ಡಿನ, ಅಂದರೆ ಮೆಟ್ರೊಪಾಲಿಟನ್ ಪೊಲೀಸಿನ, ಹಿರಿಯ ಅಧಿಕಾರಿ ಮೆಲ್ವಿಲ್ ಮ್ಯಾಕ್‌ನಾಟನ್ ಒಂದು ಒಳಟಿಪ್ಪಣಿ ಬರೆದಿಟ್ಟರು. ಅದರಲ್ಲಿ ಮೂವರು ಶಂಕಿತರು: ಡ್ರೂಯಿಟ್, ಕೊಸ್ಮಿನ್ಸ್ಕಿ, ಆಸ್ಟ್ರೋಗ್. ಮ್ಯಾಕ್‌ನಾಟನ್ ಪೊಲೀಸ್ ಸೇವೆಗೆ ಸೇರಿದ್ದೇ 1889ರಲ್ಲಿ, ಅಂದರೆ ಕೊಲೆಗಳ ಮರುವರ್ಷ. ಕಡತ ಓದಿ, ಕೇಳಿ ತಿಳಿದು ಬರೆದವರು. ಡ್ರೂಯಿಟ್ 41ರ ವಯಸ್ಸಿನ ವೈದ್ಯ ಎಂದು ಬರೆದರು; ಆತ 31ರ ಬ್ಯಾರಿಸ್ಟರ್, ಶಾಲೆಯಲ್ಲಿ ಪಾಠವನ್ನೂ ಹೇಳುತ್ತಿದ್ದ, 1888ರ ಡಿಸೆಂಬರ್ 31ರಂದು ಅವನ ಹೆಣ ಥೇಮ್ಸ್ ನದಿಯಲ್ಲಿ ಸಿಕ್ಕಿತ್ತು. ಆಸ್ಟ್ರೋಗ್ ಕೊಲೆಗಳ ಕಾಲದಲ್ಲಿ ಫ್ರಾನ್ಸಿನ ಜೈಲಿನಲ್ಲಿದ್ದ. ಮೂರರಲ್ಲಿ ಎರಡು ಹೆಸರುಗಳ ವಿವರ ಹೀಗೆ ಜಾರಿದ ಮೇಲೆ ಮೂರನೆಯದನ್ನು ಕಣ್ಣುಮುಚ್ಚಿ ಒಪ್ಪುವುದು ಹೇಗೆ?

ತನಿಖೆಯ ಕಾಗದಪತ್ರಗಳನ್ನೆಲ್ಲ ನೋಡಿಕೊಂಡ ಸ್ವಾನ್ಸನ್ ಎಂಬ ಅಧಿಕಾರಿಯೂ ಮುಂದೆ ಮೇಲಧಿಕಾರಿಯ ಆತ್ಮಕಥೆಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ‘ಕೊಸ್ಮಿನ್ಸ್ಕಿಯೇ ಶಂಕಿತ’ ಎಂದು ಗೀಚಿಟ್ಟಿದ್ದ. ಇದು ಬೆಳಕಿಗೆ ಬಂದದ್ದು 1987ರಲ್ಲಿ. ಇದಕ್ಕೆ ನಾನು ಬೆಲೆ ಕೊಡುತ್ತೇನೆ, ಏಕೆಂದರೆ ಸ್ವಾನ್ಸನ್ ಒಳಗಿನ ಮನುಷ್ಯ. ಆದರೆ ಅವನು ಪೂರ್ತಿ ಹೆಸರು ಬರೆದಿಲ್ಲ, ಮತ್ತು ಶಂಕಿತ ಹುಚ್ಚಾಸ್ಪತ್ರೆ ಸೇರಿ ಸ್ವಲ್ಪ ಕಾಲದಲ್ಲೇ ಸತ್ತ ಎಂದಿದ್ದಾನೆ. ದಾಖಲೆಯಲ್ಲಿ ಸಿಗುವ ಆರನ್ ಕೊಸ್ಮಿನ್ಸ್ಕಿ ಎಂಬ ಪೋಲೆಂಡಿನ ಯಹೂದಿ ಕ್ಷೌರಿಕ 1891ರಲ್ಲಿ ಆಸ್ಪತ್ರೆ ಸೇರಿ 1919ರವರೆಗೆ ಬದುಕಿದ್ದ. ಒಮ್ಮೆ ಅಕ್ಕನಿಗೆ ಚಾಕು ತೋರಿಸಿದ್ದ ಎಂಬ ಹೇಳಿಕೆ ಇದೆ. ಉಳಿದಂತೆ ಅವನು ಚರಂಡಿಯ ಬದಿಯ ರೊಟ್ಟಿ ಚೂರು ಹೆಕ್ಕಿ ತಿನ್ನುತ್ತಿದ್ದ, ಇತರರು ಕೊಟ್ಟ ಊಟ ಮುಟ್ಟುತ್ತಿರಲಿಲ್ಲ. ಬೇರೆಯವರಿಗೆ ಅಪಾಯಕಾರಿಯಲ್ಲ ಎಂದೇ ಆಸ್ಪತ್ರೆಯವರು ಬರೆದಿದ್ದಾರೆ. ಇದರ ಮೇಲೆ ದೋಷಾರೋಪಪಟ್ಟಿ ಹಾಕಲು ನನಗೆ ಕೈ ಬರುವುದಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಏಕೆ ಸಿಗಲಿಲ್ಲ? ಪೊಲೀಸರು ಸೋಮಾರಿಗಳಾಗಿರಲಿಲ್ಲ. ಅಕ್ಟೋಬರ್ 19ರಂದು ಸ್ವಾನ್ಸನ್ ಕೊಟ್ಟ ವರದಿ ನೋಡಿ: ಮನೆಮನೆಗೆ ಹಂಚಿದ ಕರಪತ್ರ 80,000, ವಿಚಾರಿಸಿದ ವಸತಿಗೃಹದವರು ಸುಮಾರು 2,000, ಓಡಾಟ ಪರಿಶೀಲಿಸಿದವರು 300ರಷ್ಟು, ಠಾಣೆಗೆ ತಂದವರು 80, ಭೇಟಿ ಕೊಟ್ಟ ಕಸಾಯಿಖಾನೆ ಮತ್ತು ಮಾಂಸದಂಗಡಿ 76. ಇಷ್ಟೆಲ್ಲ ಮಾಡಿದವರ ಕೈಯಲ್ಲಿ ಇಲ್ಲದಿದ್ದುದು ಒಂದೇ, ಕಲೆಯನ್ನು ಮಾತಾಡಿಸುವ ವಿದ್ಯೆ.

ಇಲ್ಲಿ ನನ್ನ ಒಂದು ಹಳೆಯ ಸಂಗತಿ ಹೇಳುತ್ತೇನೆ. ಸೇವೆಗೆ ಸೇರಿದ ಹೊಸತು. ಶರಾವತಿ ಹಿನ್ನೀರಿನ ಕಡೆಯ ಒಂದು ಹಳ್ಳಿಯಲ್ಲಿ ತೋಟದೊಳಗೆ ಒಬ್ಬ ಸತ್ತುಬಿದ್ದಿದ್ದ. ಪಕ್ಕದ ತೋಟದವನೊಂದಿಗೆ ಬೇಲಿಯ ಜಗಳ ಇತ್ತು. ಅವನ ಮನೆಯ ಅಟ್ಟದ ಮೇಲೆ ಒಂದು ಕತ್ತಿ, ಅಲಗಿನಿಂದ ಹಿಡಿಯವರೆಗೆ ಕೆಂಪುಗಪ್ಪು ಕಲೆ. ಜೊತೆಗೆ ಅದೇ ಬಣ್ಣದ ಪಂಚೆ. ಯುವಕ ಸಬ್‌ಇನ್‌ಸ್ಪೆಕ್ಟರಿಗೆ ಕೇಸು ಮುಗಿದೇ ಹೋಯಿತು ಎನಿಸಿತು. ಮಹಜರು ಬರೆಯುತ್ತಿದ್ದ ವಯಸ್ಸಾದ ದಫೇದಾರರು ಮಾತ್ರ ‘ರಕ್ತದ ಕಲೆ’ ಎಂದು ಬರೆಯಲು ಒಪ್ಪಲಿಲ್ಲ. ‘ಕೆಂಪುಗಪ್ಪು ಬಣ್ಣದ ಕಲೆ ಎಂದು ಬರೆಯುತ್ತೇನೆ ಸ್ವಾಮಿ. ರಕ್ತ ಹೌದೋ ಅಲ್ಲವೋ ಲ್ಯಾಬಿನವರು ಹೇಳಲಿ’ ಎಂದರು. ಪೆನ್ನು ಕೆಳಗಿಟ್ಟು ಎಲೆಅಡಿಕೆ ಹಾಕಿಕೊಂಡರು. ಪ್ರಯೋಗಾಲಯದ ವರದಿ ಬಂತು: ರಕ್ತ ಇಲ್ಲ. ಅದು ಅಡಿಕೆಯ ಚೊಗರು. ಸತ್ತವನು ಮರದಿಂದ ಬಿದ್ದಿದ್ದ ಎಂದು ಶವಪರೀಕ್ಷೆಯೂ ಹೇಳಿತು.

ಅಡಿಕೆ ಬೇಯಿಸುವ ಕಾಲದಲ್ಲಿ ನಮ್ಮ ಕಡೆಯ ಯಾವ ಮನೆಗೆ ಹೋದರೂ ಹೀಗೆಯೇ ಎಂಬುದು ನಿಮಗೆ ಗೊತ್ತೇ ಇದೆ. ಮೆಟ್ಟುಗತ್ತಿಯ ಮುಂದೆ ರಾತ್ರಿಯೆಲ್ಲ ಕೂತು ಸುಲಿದವರ ಬೆರಳು ತಿಂಗಳುಗಟ್ಟಲೆ ಕಪ್ಪು. ಚೊಗರು ಬಿದ್ದ ಬಟ್ಟೆ ಎಷ್ಟು ಕುಕ್ಕಿ ಒಗೆದರೂ ಬಿಡುವುದಿಲ್ಲ. ಆ ಕಾಲದಲ್ಲಿ ಕೆಂಪು ಕೈಯವನೊಬ್ಬ ರಸ್ತೆಯಲ್ಲಿ ಹೋದರೆ ಯಾರು ತಿರುಗಿ ನೋಡುತ್ತಾರೆ?

ಈ ಕೊಲೆಗಳು ನಡೆದ ಪೂರ್ವ ಲಂಡನ್ನಿನ ವೈಟ್‌ಚಾಪೆಲ್ ವರ್ಷವಿಡೀ ಹಾಗೆ. ಅಲ್ಲಿನದು ಚೊಗರಲ್ಲ, ನಿಜವಾದ ರಕ್ತ. ಓಣಿಗಳಲ್ಲೇ ಕಸಾಯಿಖಾನೆ, ಮುಂಜಾನೆ ನಾಲ್ಕಕ್ಕೆ ಏಪ್ರನ್ನಿನ ತುಂಬ ರಕ್ತ ಮೆತ್ತಿಕೊಂಡು ಕೆಲಸಕ್ಕೆ ಹೋಗುವವರು, ಬರುವವರು. ಆಗಸ್ಟ್ 31ರಂದು ಮೇರಿ ಆನ್ ನಿಕೋಲ್ಸ್ ಸತ್ತುಬಿದ್ದ ಬಕ್ಸ್ ರೋ ಎಂಬ ಬೀದಿಯ ಪಕ್ಕದಲ್ಲೇ ಮುದಿ ಕುದುರೆಗಳನ್ನು ಕಡಿಯುವ ಕೊಟ್ಟಿಗೆ ಇತ್ತು. ಅಲ್ಲಿ ರಾತ್ರಿ ಪಾಳಿಯಲ್ಲಿದ್ದ ಮೂವರನ್ನು ಪೊಲೀಸರು ಬೇರೆಬೇರೆಯಾಗಿ ವಿಚಾರಿಸಿ ಬಿಟ್ಟರು. ಯಾರದೋ ಅಂಗಿಯ ಮೇಲಿನ ರಕ್ತ ಮನುಷ್ಯನದೋ ಕುದುರೆಯದೋ ಎಂದು ಹೇಳುವ ಪರೀಕ್ಷೆ ಜಗತ್ತಿನಲ್ಲೇ ಇರಲಿಲ್ಲ. ಜರ್ಮನಿಯ ಉಲೆನ್‌ಹುಟ್ ಅದನ್ನು ರೂಪಿಸಿದ್ದು 1901ರಲ್ಲಿ. ರಕ್ತದ ಗುಂಪುಗಳನ್ನು ಲ್ಯಾಂಡ್‌ಸ್ಟೈನರ್ ವಿವರಿಸಿದ್ದೂ ಅದೇ ವರ್ಷ. ಬೆರಳಚ್ಚಿನ ವಿಭಾಗವನ್ನು ಸ್ಕಾಟ್ಲೆಂಡ್ ಯಾರ್ಡ್ ತೆರೆದದ್ದೂ 1901ರಲ್ಲೇ. ನಮ್ಮ ಕಲ್ಕತ್ತಾ ಈ ವಿಷಯದಲ್ಲಿ ಮುಂದಿತ್ತು: ಅಲ್ಲಿ 1897ರಲ್ಲೇ ಬೆರಳಚ್ಚಿನ ಕಚೇರಿ ಶುರುವಾಗಿತ್ತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಬಂಗಾಳಿ ಅಧಿಕಾರಿಗಳು ರೂಪಿಸಿಕೊಟ್ಟ ವರ್ಗೀಕರಣ ಅವರ ಮೇಲಧಿಕಾರಿ ಹೆನ್ರಿಯ ಹೆಸರು ಹೊತ್ತು ಲಂಡನ್ನಿಗೆ ಹೋಯಿತು. ವೈಟ್‌ಚಾಪೆಲ್ಲಿನವನು ಹದಿಮೂರು ವರ್ಷ ತಡವಾಗಿ ಹುಟ್ಟಿದ್ದರೆ ಸಿಕ್ಕಿಬೀಳುತ್ತಿದ್ದನೋ ಏನೋ.

ಎರಡನೆಯ ಕಾರಣ ಸರಹದ್ದು. ಹಳ್ಳದ ಈಚೆ ದಡ ಒಂದು ಠಾಣೆ, ಆಚೆ ದಡ ಇನ್ನೊಂದು ಠಾಣೆ ಆದರೆ ಹೆಣ ಯಾರದೆಂಬ ಜಗ್ಗಾಟ ನಡೆಯುವುದನ್ನು ಮಲೆನಾಡಿನ ಹಳಬರು ನಗುತ್ತ ಹೇಳುತ್ತಾರೆ. ಸೆಪ್ಟೆಂಬರ್ 30ರ ರಾತ್ರಿ ಆದದ್ದು ಅದೇ. ಒಂದು ಗಂಟೆಯ ಹೊತ್ತಿಗೆ ಎಲಿಜಬೆತ್ ಸ್ಟ್ರೈಡ್ ಸತ್ತದ್ದು ಮೆಟ್ರೊಪಾಲಿಟನ್ ಪೊಲೀಸರ ಜಾಗದಲ್ಲಿ. ಕಾಲು ಗಂಟೆಯ ನಡಿಗೆಯಷ್ಟು ದೂರದಲ್ಲಿ, ಮುಕ್ಕಾಲು ಗಂಟೆಯೊಳಗೆ ಕ್ಯಾಥರೀನ್ ಸತ್ತದ್ದು ಸಿಟಿ ಪೊಲೀಸರ ಜಾಗದಲ್ಲಿ. ಅಂದು ಕುಡಿದು ಬಿದ್ದಿದ್ದಳೆಂದು ರಾತ್ರಿ ಎಂಟೂವರೆಯಿಂದ ಆಕೆ ಬಿಷಪ್ಸ್‌ಗೇಟ್ ಠಾಣೆಯ ಕೊಠಡಿಯಲ್ಲಿದ್ದಳು. ಅಮಲು ಇಳಿದಿದೆ ಎಂದು ಒಂದು ಗಂಟೆಗೆ ಬಿಟ್ಟರು. ಬಿಡುವಾಗ ಸುಳ್ಳು ಹೆಸರು ಬರೆಸಿದಳು. ಮುಕ್ಕಾಲು ಗಂಟೆಯಲ್ಲಿ ಹೆಣವಾದಳು. ಬೆಳಗಿನವರೆಗೆ ಮಲಗಿಸಿಕೊಂಡಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೆ.

ಆ ರಾತ್ರಿಯೇ ಇಡೀ ಪ್ರಕರಣದ ಅತಿ ಗಟ್ಟಿ ಸುಳಿವು ಸಿಕ್ಕಿತು. ಮೂರು ಗಂಟೆಯ ಹೊತ್ತಿಗೆ ಗೋಲ್‌ಸ್ಟನ್ ಸ್ಟ್ರೀಟಿನ ಒಂದು ವಠಾರದ ಬಾಗಿಲಲ್ಲಿ ಕಾನ್‌ಸ್ಟೇಬಲ್ ಲಾಂಗ್‌ಗೆ ರಕ್ತ ಮೆತ್ತಿದ ಬಟ್ಟೆಯ ತುಂಡು ಕಂಡಿತು. ವೈದ್ಯರು ಅದನ್ನು ಕ್ಯಾಥರೀನಳ ಏಪ್ರನ್ನಿಗೆ ಜೋಡಿಸಿ ನೋಡಿದರು. ಹೊಲಿಗೆಗೆ ಹೊಲಿಗೆ ಕೂಡಿತು. ಕೊಲೆಗಾರ ಪಶ್ಚಿಮದ ಸಿಟಿಯಿಂದ ಪೂರ್ವಕ್ಕೆ, ವೈಟ್‌ಚಾಪೆಲ್ಲಿನ ಒಳಕ್ಕೇ ಮರಳಿದ್ದ ಎಂಬುದಕ್ಕೆ ಇದೊಂದು ಗಟ್ಟಿ ಗುರುತು. ಸಿಕ್ಕ ಜಾಗ, ಸಿಕ್ಕ ಹೊತ್ತು, ಹೆಕ್ಕಿದವನ ಹೆಸರು, ಗುರುತು ಹಿಡಿದ ವೈದ್ಯ, ಎಲ್ಲವೂ ಬರಹದಲ್ಲಿದೆ. ಮುದ್ದೆಮಾಲು ಎಂದರೆ ಹೀಗಿರಬೇಕು. ಆ ಏಪ್ರನ್ ನಮ್ಮ ಕಾಲದವರೆಗೆ ಉಳಿಯಲಿಲ್ಲ. ಉಳಿದದ್ದು ಹರಾಜಿನ ಶಾಲು.

ಅದೇ ಬಾಗಿಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಯಹೂದಿಗಳ ಬಗ್ಗೆ ಒಂದು ಅಡ್ಡಾದಿಡ್ಡಿ ವಾಕ್ಯ ಬರೆದಿತ್ತು. ಸಿಟಿ ಪೊಲೀಸರು ಬೆಳಕು ಹರಿದ ಮೇಲೆ ಫೋಟೊ ತೆಗೆಸೋಣ ಎಂದರು. ಜಾಗ ಮೆಟ್ರೊಪಾಲಿಟನ್ನಿನದು. ಬೆಳಿಗ್ಗೆ ಸಂತೆ ಸೇರಿ ಜನ ಇದನ್ನು ಓದಿದರೆ ಗಲಭೆ ಆಗುತ್ತದೆ ಎಂದು ಕಮಿಷನರ್ ಚಾರ್ಲ್ಸ್ ವಾರೆನ್ ಖುದ್ದಾಗಿ ಬಂದು ನಿಂತು ಐದೂವರೆಯ ಸುಮಾರಿಗೆ ಒರೆಸಿಸಿದರು. ಇದಕ್ಕಾಗಿ ಇಂದಿಗೂ ಅವರನ್ನು ಬೈಯುತ್ತಾರೆ. ನಾನು ಬೈಯುವುದಿಲ್ಲ. ಆ ಬರಹ ಕೊಲೆಗಾರನದೇ ಎಂಬುದಕ್ಕೆ ಆಧಾರವಿಲ್ಲ. ಗಲಭೆಯ ಭಯ ಮಾತ್ರ ನಿಜವಾಗಿತ್ತು: ಪೋಲೆಂಡ್, ರಷ್ಯಾಗಳಿಂದ ಓಡಿಬಂದ ಯಹೂದಿಗಳ ಮೇಲೆ ಊರು ಹಲ್ಲು ಮಸೆಯುತ್ತಿತ್ತು. ಫೋಟೊ ತೆಗೆಸಿ ಬಟ್ಟೆ ಮುಚ್ಚಬಹುದಿತ್ತು ಎಂಬುದಷ್ಟೇ ನನ್ನ ತಕರಾರು.

ಆ ಸೆಪ್ಟೆಂಬರಿನಲ್ಲೇ ಪತ್ರಿಕೆಗಳು ‘ಲೆದರ್ ಏಪ್ರನ್’, ಅಂದರೆ ಚರ್ಮದ ಏಪ್ರನ್ನಿನವ, ಎಂಬ ಭೂತವನ್ನು ಎಬ್ಬಿಸಿದ್ದವು. ಜಾನ್ ಪೈಜರ್ ಎಂಬ ಬಡ ಯಹೂದಿ ಚಪ್ಪಲಿ ಹೊಲಿಯುವವನನ್ನು ಹಿಡಿದು ತಂದರು. ನಿಕೋಲ್ಸ್ ಸತ್ತ ರಾತ್ರಿ ಅವನು ದೂರದಲ್ಲಿ ಹಡಗುಕಟ್ಟೆಗೆ ಬೆಂಕಿ ಬಿದ್ದದ್ದನ್ನು ನೋಡುತ್ತ ಒಬ್ಬ ಪೊಲೀಸಿನೊಡನೆಯೇ ಮಾತಾಡುತ್ತ ನಿಂತಿದ್ದ! ಅವನು ಬದುಕಿದ್ದು ಬೆಂಕಿಯ ಪುಣ್ಯದಿಂದ. ನಮ್ಮ ಊರುಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದ ಕಾಲವನ್ನು ನೀವೂ ಕಂಡಿರುತ್ತೀರಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಪುಕಾರಿಗೆ ದಾರಿಹೋಕರು ಪೆಟ್ಟು ತಿಂದ ಸುದ್ದಿಗಳನ್ನೂ ಓದಿರುತ್ತೀರಿ.

‘ಜಾಕ್ ದ ರಿಪ್ಪರ್’ ಎಂಬ ಹೆಸರೂ ಪತ್ರಿಕೆಯವರ ಕೂಸೇ ಆಗಿರುವ ಸಂಭವ ಹೆಚ್ಚು. ಸೆಪ್ಟೆಂಬರ್ 25ರ ದಿನಾಂಕ ಹಾಕಿ ಕೆಂಪು ಶಾಯಿಯಲ್ಲಿ ಬರೆದ ಒಂದು ಪತ್ರ ಒಂದು ಸುದ್ದಿ ಸಂಸ್ಥೆಗೆ ಬಂತು, ಕೆಳಗೆ ಆ ರುಜು. ಅದು ಪತ್ರಕರ್ತನ ಕೈವಾಡ ಎಂದೇ ಹಿರಿಯ ಪೊಲೀಸ್ ಅಧಿಕಾರಿಗಳು ಮುಂದೆ ಬರೆದಿದ್ದಾರೆ. ಪತ್ರದ ನಕಲನ್ನು ಗೋಡೆಗೋಡೆಗೆ ಅಂಟಿಸಿದ ಮೇಲೆ ಊರಿನ ತುಂಟರಿಗೆಲ್ಲ ಹಬ್ಬವಾಯಿತು, ಸುಳ್ಳು ಪತ್ರಗಳ ಮಳೆ ಸುರಿಯಿತು. ಅದನ್ನೆಲ್ಲ ಓದುತ್ತ ಕೂರುವುದೇ ಪೊಲೀಸರ ಕೆಲಸವಾಯಿತು.

ಕೊಲೆಗಳ ಲೆಕ್ಕದಲ್ಲೂ ಒಮ್ಮತ ಇಲ್ಲ. ‘ಐವರು, ಐವರೇ’ ಎಂದದ್ದು ಅದೇ ಮ್ಯಾಕ್‌ನಾಟನ್: ನಿಕೋಲ್ಸ್, ಸೆಪ್ಟೆಂಬರ್ 8ರಂದು ಆನಿ ಚಾಪ್ಮನ್, 30ರಂದು ಸ್ಟ್ರೈಡ್ ಮತ್ತು ಎಡ್ಡೋಸ್, ನವೆಂಬರ್ 9ರಂದು ತನ್ನ ಬಾಡಿಗೆ ಕೋಣೆಯಲ್ಲೇ ಮೇರಿ ಜೇನ್ ಕೆಲ್ಲಿ. ಪೊಲೀಸ್ ಕಡತದಲ್ಲಿ 1888ರ ಏಪ್ರಿಲಿನಿಂದ 1891ರ ಫೆಬ್ರುವರಿಯವರೆಗೆ ಒಟ್ಟು 11 ಹೆಸರುಗಳಿವೆ. ಕೊಲೆಗಾರನಿಗೆ ವೈದ್ಯವಿದ್ಯೆ ಗೊತ್ತಿತ್ತೇ ಎಂಬುದರಲ್ಲೂ ಹಾಗೆಯೇ: ಚಾಪ್ಮನ್ ಶವ ನೋಡಿದ ಡಾಕ್ಟರ್ ಫಿಲಿಪ್ಸ್ ಸ್ವಲ್ಪ ಗೊತ್ತಿತ್ತು ಎಂದರು, ಡಾಕ್ಟರ್ ಬಾಂಡ್ ಕಟುಕನಷ್ಟೂ ಗೊತ್ತಿರಲಿಲ್ಲ ಎಂದರು. ಟೊಪ್ಪಿ, ನಿಲುವಂಗಿ, ಕೈಯಲ್ಲಿ ವೈದ್ಯರ ಚೀಲ ಹಿಡಿದ ಶ್ರೀಮಂತನ ಚಿತ್ರ ಜನರ ಕಲ್ಪನೆ. ನನ್ನನ್ನು ಕೇಳಿದರೆ ಆಚೀಚೆ ಓಣಿಯಲ್ಲೇ ಇದ್ದ, ಯಾರ ಕಣ್ಣಿಗೂ ವಿಶೇಷ ಎನಿಸದ ಕೂಲಿಯವನಿರಬೇಕು. ಇದು ಅನುಭವದ ಊಹೆ, ಪ್ರಮಾಣ ಮಾಡಿ ಹೇಳುವ ಸಾಕ್ಷಿಯಲ್ಲ.

ಇನ್ನೊಂದು ಕಾರಣ ಸತ್ತವರ ಬದುಕಿನಲ್ಲೇ ಇದೆ. ನಿಕೋಲ್ಸಳ ಬಳಿ ಆ ರಾತ್ರಿ ವಸತಿಗೃಹದ ಹಾಸಿಗೆಗೆ ಕೊಡಬೇಕಾದ ನಾಲ್ಕು ಪೆನ್ನಿ ಇರಲಿಲ್ಲ, ಹೊರಗೆ ಹಾಕಿದರು. ಹಾಸಿಗೆಯ ಕಾಸಿಗೆ ನಡುರಾತ್ರಿ ಬೀದಿ ಸುತ್ತುವ ಹೆಂಗಸು ಯಾರ ಜೊತೆ ಯಾವ ಮೂಲೆಗೆ ಹೋದಳೆಂದು ನೆನಪಿಟ್ಟುಕೊಳ್ಳುವವರು ಯಾರು? ಕೊಲೆಗಾರನಿಗೂ ಆಕೆಗೂ ಜಗಳವಿಲ್ಲ, ಸಾಲವಿಲ್ಲ, ನೆಂಟಸ್ತನವಿಲ್ಲ. ನಮ್ಮಲ್ಲಿ ನಾನು ನಡೆಸಿದ ಕೊಲೆ ಕೇಸುಗಳಲ್ಲಿ ಬಹುಪಾಲು ಬೇಲಿ, ನೀರು, ಹೆಣ್ಣು, ಆಸ್ತಿಪಾಲು. ಕಾರಣ ಹಿಡಿದು ಹೊರಟರೆ ಆಳು ಸಿಗುತ್ತಾನೆ. ಅಪರಿಚಿತ ಅಪರಿಚಿತನನ್ನು ಕೊಂದಾಗ ಹಿಡಿಯಲು ಆ ದಾರವೇ ಇರುವುದಿಲ್ಲ.

ಇಂದಾದರೆ? ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧ, ಜಪ್ತಿಗಳನ್ನು ವಿಡಿಯೊ ಮಾಡಬೇಕು. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು. ಕಾಗದದಲ್ಲಿ ಚೆನ್ನಾಗಿದೆ. ಆಗುಂಬೆಯ ಜುಲೈ ಮಳೆಯಲ್ಲಿ ಸ್ಥಳಕ್ಕೆ ತಲುಪುವಷ್ಟರಲ್ಲಿ ಏನು ಉಳಿದಿರುತ್ತದೆ ಎಂಬುದು ಬೇರೆ ಮಾತು.

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ: ಇದೆ. 1989ರಲ್ಲಿ ಕಲ್ಕತ್ತಾದ ಫುಟ್‌ಪಾತುಗಳಲ್ಲಿ ಒಂಟಿಯಾಗಿ ಮಲಗಿದ್ದ ಹತ್ತಕ್ಕೂ ಹೆಚ್ಚು ಬಡವರನ್ನು ಯಾರೋ ಭಾರದ ಕಲ್ಲು ಎತ್ತಿಹಾಕಿ ಕೊಂದರು. ಅದಕ್ಕೆ ಕೆಲವು ವರ್ಷ ಮೊದಲು ಬೊಂಬಾಯಿಯ ಸಯನ್, ಕಿಂಗ್ಸ್ ಸರ್ಕಲ್ ಕಡೆ ಇದೇ ರೀತಿಯ ಕೊಲೆಗಳಾಗಿದ್ದವು. ಎರಡೂ ಒಬ್ಬನದೇ ಎಂಬುದು ಸಾಬೀತಾಗಿಲ್ಲ. ಕಲ್ಕತ್ತಾದ ಪತ್ರಿಕೆಯೊಂದು ‘ಸ್ಟೋನ್‌ಮ್ಯಾನ್’ ಎಂದು ಹೆಸರಿಟ್ಟಿತು, ಹೆಸರು ಉಳಿಯಿತು, ಆಳು ಸಿಗಲಿಲ್ಲ. ಸತ್ತವರಲ್ಲಿ ಹಲವರು ಯಾರೆಂಬುದೂ ತಿಳಿಯಲಿಲ್ಲ. ಕ್ಯಾಥರೀನಳಿಗೆ ಸಾಸಿವೆ ಡಬ್ಬಿಯಲ್ಲಿ ಗಿರವಿ ಚೀಟಿಯಾದರೂ ಇತ್ತು, ಅದನ್ನು ಪತ್ರಿಕೆಯಲ್ಲಿ ಓದಿ ಓಡಿಬಂದವನೊಬ್ಬನಾದರೂ ಇದ್ದ.